ಅಚ್ಚಿಗೆ ತಕ್ಕ ಛಾಯಾಚಿತ್ರ: ಬಿಂದುಗಳ ಲೆಕ್ಕ

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಗೆ ಬಂದ ಮಹಾಪೂರವು ಕುಡಚಿ–ಉಗಾರಗಳ ನಡುವಣ ಸೇತುವೆಯನ್ನು ಮುಳುಗಿಸಿ, ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ನದೀತೀರದ ಮನೆಗಳನ್ನು ಹೊಕ್ಕಿತು. ಕಾಳು-ಕಡಿಗಳನ್ನು ಮರಳಿ ಗಳಿಸಬಹುದು. ಗೋಡೆಯ ಮೇಲಿನ ಹಿರಿಯರ ಭಾವಚಿತ್ರ ನೀರುಂಡರೆ ಅದರ ಲೇಪವು ಗಾಜಿಗೆ ಅಂಟಿ ಕಿತ್ತುಬರುತ್ತದೆ; ಅದನ್ನು ಮರಳಿ ಗಳಿಸುವ ಬಗೆಯಿಲ್ಲ. ಆಗ ಉಳಿಯುವುದು ಯಾರೋ ಬಂಧುಗಳು ಎಂದೋ ಮೊಬೈಲಿನಲ್ಲಿ ತೆಗೆದಿಟ್ಟ ಪ್ರತಿಯೊಂದೇ. ಅದನ್ನು ಹಿಗ್ಗಿಸಿ ಅಚ್ಚು ಹಾಕಿಸಹೋದರೆ ಮುಖವು ಮಸುಕಾಗಿ ಬರುವುದುಂಟು. ಇದಕ್ಕೆ ಅಚ್ಚು ಹಾಕಿದವನನ್ನು ದೂರಿ ಫಲವಿಲ್ಲ. ದೋಷವು ಚಿತ್ರ ತೆಗೆದಂದೇ ಸೇರಿಕೊಂಡಿರುತ್ತದೆ.

ಡಿಜಿಟಲ್ ಚಿತ್ರವೆಂಬುದು ಬಿಂದುಗಳ ಸಮೂಹ. ಪಿಕ್ಸೆಲ್ ಎಂಬ ಹೆಸರಿನ ಈ ಬಿಂದುವನ್ನು ಕನ್ನಡದಲ್ಲಿ ಚಿತ್ರಬಿಂದು ಎನ್ನಬಹುದು. ಇಳಕಲ್ ಸೀರೆಗೆ ಕಸೂತಿ ಹಾಕುವ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿಯಾಡಿಸುತ್ತಾರೆ. ಎಳೆ ನಯವಾಗಿ ದಟ್ಟವಾಗಿದ್ದಲ್ಲಿ ಗೋಪುರದ ಓರೆ ಗೆರೆ ನುಣುಪಾಗಿ ಏರುತ್ತದೆ; ದಪ್ಪ ಬಟ್ಟೆಯಲ್ಲಿ ಅದೇ ಗೆರೆ ಮೆಟ್ಟಿಲುಮೆಟ್ಟಿಲಾಗುತ್ತದೆ. ಬಿಂದುಗಳು ಕಡಿಮೆಯಿರುವ ಚಿತ್ರವನ್ನು ಹಿಗ್ಗಿಸಿದಾಗ ಆಗುವುದೂ ಇದೇ. ಹತ್ತು ಲಕ್ಷ ಬಿಂದುಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೆಸರು.

ಪುಸ್ತಕದಂತೆ ಹತ್ತು ಇಂಚು ದೂರದಲ್ಲಿ ಹಿಡಿದು ನೋಡುವ ಅಚ್ಚಿಗೆ ಇಂಚಿಗೆ 300 ಬಿಂದುಗಳಿದ್ದರೆ ಸಾಕು. ಅದಕ್ಕಿಂತ ದಟ್ಟವಾದುದನ್ನು ಸಾಮಾನ್ಯ ದೃಷ್ಟಿಯು ಬಿಡಿಬಿಡಿಯಾಗಿ ಗುರುತಿಸಲಾರದು. ಆದುದರಿಂದ 4 ಇಂಚು ಅಗಲ, 6 ಇಂಚು ಉದ್ದದ ಪ್ರತಿಗೆ 1200ನ್ನು 1800ರಿಂದ ಗುಣಿಸಲು ಬರುವ 21 ಲಕ್ಷ 60 ಸಾವಿರ ಬಿಂದುಗಳು ಬೇಕು. 8 ಇಂಚಿಗೆ 12 ಇಂಚಿನ ಪ್ರತಿಗೆ 86 ಲಕ್ಷ 40 ಸಾವಿರ. ಅಳತೆ ಇಮ್ಮಡಿಸಿದರೆ ಬಿಂದುಗಳು ನಾಲ್ಮಡಿಯಾಗುತ್ತವೆಂಬುದನ್ನು ಇಲ್ಲಿ ಗಮನಿಸಬೇಕು. ಇನ್ನು ಸಭಾಭವನದ ಗೋಡೆಗೆ ತೂಗಿಸುವ 2 ಅಡಿಗೆ 3 ಅಡಿಯ ಭಾವಚಿತ್ರವನ್ನು ಜನರು ಆರಡಿ ದೂರದಿಂದ ನೋಡುವರು. ಅಲ್ಲಿ ಇಂಚಿಗೆ 100 ಬಿಂದುಗಳಿದ್ದರೂ ನಡೆಯುತ್ತದೆ. ಲೆಕ್ಕ ಹಾಕಿದರೆ ಅದಕ್ಕೂ ಬೇಕಾಗುವುದು ಅದೇ 86 ಲಕ್ಷ 40 ಸಾವಿರ!

ಶಾಲೆಗಳಲ್ಲಿ ಹೆಚ್ಚು ಎಡವುವುದು ವರ್ಗದ ಗುಂಪುಚಿತ್ರದಲ್ಲಿ. ಅರವತ್ತು ಮಕ್ಕಳನ್ನು ಹದಿನೈದರಂತೆ ನಾಲ್ಕು ಸಾಲು ನಿಲ್ಲಿಸಿದರೆ ಸಾಲಿನ ಅಗಲ, ಇಕ್ಕೆಲದ ಎಡೆಯೂ ಸೇರಿ, ಸುಮಾರು 24 ಅಡಿ. ಹನ್ನೆರಡು ಮೆಗಾಪಿಕ್ಸೆಲ್ಲಿನ ಕ್ಯಾಮರಾ ಅಡ್ಡಕ್ಕೆ 4000 ಬಿಂದುಗಳನ್ನು ಕೊಡುತ್ತದೆ. ಅಡಿಗೆ 166, ಅರ್ಧ ಅಡಿಯ ಒಂದು ಮುಖಕ್ಕೆ 83. ಗುರುತು ಹಿಡಿಯಲು ಇಷ್ಟು ಸಾಲುತ್ತದೆ. ಇದೇ ಚಿತ್ರವನ್ನು ಯಾರಾದರೂ 1600 ಬಿಂದುಗಳಿಗೆ ಕುಗ್ಗಿಸಿದರೆ ಮುಖಕ್ಕೆ ಉಳಿಯುವುದು 33 ಮಾತ್ರ. ಕಣ್ಣು ಮೂಗುಗಳು ಕಲಸಿಹೋಗುತ್ತವೆ. ಮೂವತ್ತು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಯೊಬ್ಬನು ಸಂಪುಟ ತೆರೆದು ತನ್ನನ್ನೇ ತಾನು ಹುಡುಕುವಂತಾದರೆ ಆ ಪುಟವಿದ್ದೂ ಇಲ್ಲದಂತೆ. ಮಕ್ಕಳನ್ನು ಮೂವತ್ತರಂತೆ ಎರಡು ಗುಂಪು ಮಾಡಿ ಹತ್ತಿರದಿಂದ ತೆಗೆದರೆ ಅದೇ ಕ್ಯಾಮರಾದಲ್ಲಿ ಮುಖವೊಂದಕ್ಕೆ 150ರಷ್ಟು ಬಿಂದುಗಳು ದೊರೆಯುತ್ತವೆ. ಹೊಸ ಕ್ಯಾಮರಾ ಕೊಳ್ಳುವ ಖರ್ಚಿಲ್ಲ.

ಕುಗ್ಗಿಸುವುದೆಂದರೆ ಯಾರೂ ಬೇಕೆಂದು ಮಾಡುವುದಲ್ಲ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ತಾನಾಗಿಯೇ ಚಿತ್ರವನ್ನು ಕಿರಿದುಮಾಡಿ ಮುಟ್ಟಿಸುತ್ತದೆ. 2023ರಲ್ಲಿ ಎಚ್‌ಡಿ ಎಂಬ ಆಯ್ಕೆ ಬಂದಿತಾದರೂ ಅದೂ ಮೂಲವಲ್ಲ. ಸಂಪುಟಕ್ಕೆ ಚಿತ್ರ ಕಳಿಸುವವರು ಡಾಕ್ಯುಮೆಂಟ್ ರೂಪದಲ್ಲಿ ಇಲ್ಲವೆ ಪೆನ್‌ಡ್ರೈವಿನಲ್ಲಿ ಮೂಲವನ್ನೇ ಕೊಡಬೇಕು. ಬೆರಳಿನಿಂದ ಪರದೆಯ ಮೇಲೆ ಹಿಗ್ಗಿಸಿ ತೆಗೆಯುವುದೂ ಬಹುಮಟ್ಟಿಗೆ ಬಿಂದುಗಳನ್ನು ಕತ್ತರಿಸಿ ಚೆಲ್ಲುವ ಕ್ರಿಯೆಯೇ. ಎರಡು ಹೆಜ್ಜೆ ಮುಂದೆ ಹೋಗುವುದು ಲೇಸು. ಅಂಗಡಿಯ ಫಲಕದಲ್ಲಿ ಸಾರುವ 108, 200 ಎಂಬ ದೊಡ್ಡ ಸಂಖ್ಯೆಗಳಿಗೆ ಮರುಳಾಗಬೇಕಾದುದಿಲ್ಲ. ಸಣ್ಣ ಸಂವೇದಕದೊಳಗೆ ಅಷ್ಟು ಬಿಂದುಗಳನ್ನು ತುರುಕಿದಾಗ ಒಂದೊಂದಕ್ಕೂ ಸಿಕ್ಕುವ ಬೆಳಕು ಅಲ್ಪ. ಮಬ್ಬುಬೆಳಕಿನಲ್ಲಿ, ಕೈ ನಡುಗಿದಾಗ, ಬಿಂದು ಎಷ್ಟಿದ್ದರೇನು?

ಹಳೆಯ ಚಿತ್ರಗಳ ಪ್ರತಿ ತೆಗೆಯುವಾಗ ಚೌಕಟ್ಟಿನ ಗಾಜಿನ ಮೇಲಿಂದ ಮೊಬೈಲ್ ಹಿಡಿಯುವುದಕ್ಕಿಂತ, ಲೇಪ ಗಾಜಿಗಂಟಿರದಿದ್ದರೆ ಚಿತ್ರವನ್ನು ಹೊರತೆಗೆದು ಸ್ಕ್ಯಾನರಿನ ಮೇಲಿಡುವುದು ಉತ್ತಮ. ಇಂಚಿಗೆ 600ರಂತೆ ತೆಗೆದರೆ 4 ಇಂಚಿಗೆ 6 ಇಂಚಿನ ಹಳೆಯ ಪ್ರತಿಯಿಂದ 8 ಇಂಚಿಗೆ 12 ಇಂಚಿನ ಹೊಸ ಅಚ್ಚಿಗೆ ಸಾಕಾಗುವಷ್ಟು ಬಿಂದುಗಳು ಸಿದ್ಧವಾಗುತ್ತವೆ.

ಓಲೆಗರಿಯ ಬಗೆ ಬೇರೆ. ಫ. ಗು. ಹಳಕಟ್ಟಿಯವರು ಓಲೆಗಟ್ಟುಗಳನ್ನು ಅರಸಿ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಅಂಥ ಗರಿಗಳು ಇನ್ನೂ ಇರುವೆಡೆ ಅಕ್ಷರಗಳು ಎಳ್ಳುಕಾಳಿನಷ್ಟು. ಹದಿನೈದು ಇಂಚು ಉದ್ದದ ಗರಿಯನ್ನು ಒಂದೇ ಚಿತ್ರದಲ್ಲಿ ತೆಗೆದರೆ 4000 ಬಿಂದುಗಳು ಇಂಚಿಗೆ 266ರಂತೆ ಹಂಚಿಹೋಗುತ್ತವೆ. ಒತ್ತಕ್ಷರ, ಸೊನ್ನೆಗಳಲ್ಲಿ ಸಂಶಯ ಬರುತ್ತದೆ. ಒಂದಿಷ್ಟು ಭಾಗ ಎರಡರಲ್ಲಿಯೂ ಬರುವಂತೆ ಎಂಟೆಂಟು ಇಂಚಿನ ಎರಡು ಚಿತ್ರ ತೆಗೆದರೆ ಇಂಚಿಗೆ 500 ದೊರೆಯುತ್ತವೆ. ಗರಿಯ ಪಕ್ಕದಲ್ಲಿ ಒಂದು ಅಳತೆಪಟ್ಟಿ, ಗರಿಯ ಸಂಖ್ಯೆ ಬರೆದ ಚೀಟಿ ಇಟ್ಟೇ ತೆಗೆಯಬೇಕು.