ಏರಿಳಿಯುವ ಅಂಕಿಗಳಿಗೆ ತಕ್ಕ ಸಾಧನ

ಅಂಕಿಗಳನ್ನು ಚಿತ್ರವಾಗಿ ತೋರಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬುದು ಗಣಕಯಂತ್ರ ಕಲಿಯುವ ತರುಣರು ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಗಿರಣಿಯ ಕಚೇರಿಯಲ್ಲಿ ದಿನವೂ ತಃಖ್ತೆ ತುಂಬುವ ನಮಗೆ ತೋರುವದೇನೆಂದರೆ, ಇದಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಇನ್ನೊಂದಿದೆ: ಆ ಚಿತ್ರ ನೋಡಿ ಯಾರು ಏನನ್ನು ನಿರ್ಧರಿಸಬೇಕಾಗಿದೆ? ಇದಕ್ಕೆ ಉತ್ತರ ಸಿಕ್ಕರೆ ಸಾಧನ ಆರಿಸುವದು ಕಠಿಣವಲ್ಲ.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಟೇಮಘರ, ವರಸಗಾವ, ಪಾನಶೇತ ಈ ಮೂರು ಅಣೆಕಟ್ಟುಗಳ ನೀರು ಖಡಕವಾಸಲೆಗೆ ಬಂದು ಸೇರುತ್ತದೆ. ಅಲ್ಲಿಂದ ಬಿಟ್ಟ ನೀರು ಮುಠಾ ನದಿಯಲ್ಲಿ ಹರಿದು ಪುಣೆಯೊಳಗೆ ಬರುತ್ತದೆ. ನಾಲ್ಕೂ ಸೇರಿ ಸುಮಾರು 29 ಟಿ.ಎಂ.ಸಿ. ಹಿಡಿಯುತ್ತವೆ, ಖಡಕವಾಸಲೆಯ ಪಾಲು 2 ಟಿ.ಎಂ.ಸಿ.ಗೂ ತುಸು ಕಡಿಮೆ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ಅಂದರೆ ಸುಮಾರು 28 ಲೀಟರ್. ಈಗ ಲೆಕ್ಕ ಹಾಕಿರಿ: 35 ಸಾವಿರ ಕ್ಯೂಸೆಕ್ ನೀರು ಒಳಬಂದರೆ, ಬರಿದಾಗಿದ್ದ ಖಡಕವಾಸಲೆಯೂ 16 ತಾಸಿನೊಳಗೆ ತುಂಬಿಬಿಡುವದು. 2024ರ ಜುಲೈ 25ರಂದು ಹೊರಬಿಟ್ಟ ನೀರು 35 ಸಾವಿರ ಕ್ಯೂಸೆಕ್ ದಾಟಿತ್ತು. ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ಹೊಕ್ಕಿತು. ಇಂಥ ಅಂಕಿಗಳಲ್ಲಿ ನದಿದಂಡೆಯವನಿಗೆ ಬೇಕಾದದ್ದು ನೀರು ಎಷ್ಟಿದೆ ಎಂಬುದಷ್ಟೇ ಅಲ್ಲ, ಎಷ್ಟು ಬೇಗ ಏರುತ್ತಿದೆ ಎಂಬುದು.

ಮೊದಲನೆಯ ಸಾಧನ ಲೆಕ್ಕದ ಹಾಳೆ. ಲಿಬ್ರೆ ಆಫೀಸಿನ ಕ್ಯಾಲ್ಕ್ ಬಿಟ್ಟಿ ಸಿಗುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ಹಿಡಿಯುತ್ತದೆ. ಒಂದು ಊರಿನ ಒಂದು ಮಳೆಗಾಲಕ್ಕೆ ಇದು ಧಾರಾಳ ಸಾಕು. ಆದರೆ ಒಂದು ಎಚ್ಚರಿಕೆ ಬೇಕು. ಅಭ್ಯಾಸಕ್ಕಾಗಿ ನಾವೇ ಮಾಡಿದ ಅಂಕಿಗಳನ್ನು ನೋಡಿರಿ: ಮುಂಜಾನೆ 6ಕ್ಕೆ 5 ಸಾವಿರ ಕ್ಯೂಸೆಕ್, 10ಕ್ಕೆ 15 ಸಾವಿರ, 11ಕ್ಕೆ 25 ಸಾವಿರ. ವೇಳೆಯನ್ನು ಬರಿಯ ಹೆಸರಿನಂತೆ ಬರೆದು ‘ಲೈನ್’ ಎಂಬ ಆಲೇಖ ಆರಿಸಿದರೆ, ಯಂತ್ರವು ಮೂರೂ ಬಿಂದುಗಳನ್ನು ಸಮಾನ ಅಂತರದಲ್ಲಿಟ್ಟು ನೆಟ್ಟಗಿನ ಗೆರೆ ಎಳೆಯುತ್ತದೆ. ವಸ್ತುಸ್ಥಿತಿ ಬೇರೆ. ಮೊದಲಿನ 10 ಸಾವಿರ ಏರಲು ನಾಲ್ಕು ತಾಸು ಹಿಡಿಯಿತು, ಎರಡನೆಯದಕ್ಕೆ ಒಂದೇ ತಾಸು. ವೇಳೆಯನ್ನು ಅಂಕಿಯಾಗಿ ಬರೆದು ‘ಎಕ್ಸ್‌ವೈ ಸ್ಕ್ಯಾಟರ್’ ಆರಿಸಿದರೆ ಮಾತ್ರ ಗೆರೆಯು ಹತ್ತು ಗಂಟೆಯ ನಂತರ ಕಡಿದಾಗಿ ಮೇಲೇಳುವದು. ಮನೆಯ ಸಾಮಾನು ಮೇಲೆತ್ತಬೇಕಾದವನಿಗೆ ಈ ಎರಡು ಚಿತ್ರಗಳ ಅಂತರ ಸಣ್ಣದಲ್ಲ.

ಎರಡನೆಯದು, ಅದೇ ಚಿತ್ರವನ್ನು ದಿನವೂ ತೆಗೆಯುವ ಕೆಲಸ. ಕೈಯಿಂದ ಮಾಡಿದರೆ ಬೇಸರ, ತಪ್ಪೂ ಹೆಚ್ಚು. ಇಲ್ಲಿ ‘ಆರ್’ ಅಥವಾ ‘ಪೈಥಾನ್’ ಉಪಯುಕ್ತ. ಸೂಚನೆಗಳನ್ನು ಒಮ್ಮೆ ಬರೆದಿಟ್ಟರೆ, ಹೊಸ ಅಂಕಿ ಬಂದಾಗಲೆಲ್ಲ ಅದೇ ಅಳತೆಯ ಚಿತ್ರ ದೊರೆಯುವದು. ಕಲಿಯಲು ಕೆಲವು ತಿಂಗಳು ಬೇಕು. ಮೆಟ್ರಿಕ್ ಗಣಿತ ಬಲ್ಲವರು ಅಂಜಬೇಕಾಗಿಲ್ಲ.

ಮೂರನೆಯದು, ನೀರು ಎಲ್ಲಿ ಎಂಬ ಪ್ರಶ್ನೆ. ಇದಕ್ಕೆ ನಕಾಶೆಯೇ ಬೇಕು. ‘ಕ್ಯೂಜಿಐಎಸ್’ ಬಿಟ್ಟಿಯಾಗಿ ಸಿಗುವ ನಕಾಶೆಯ ಸಾಧನ. 2020ರಿಂದ ಇದರಲ್ಲಿ ತಾಸುತಾಸಿನ ಬದಲಾವಣೆಯನ್ನು ಚಲಿಸುವ ಚಿತ್ರವಾಗಿ ನೋಡುವ ಅನುಕೂಲವೂ ಇದೆ. ಚಲಿಸುವ ಚಿತ್ರ ಜನರನ್ನು ಸೆಳೆಯುತ್ತದೆ. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಅವರು 2006ರಲ್ಲಿ ದೇಶದೇಶಗಳ ಆರೋಗ್ಯದ ಅಂಕಿಗಳನ್ನು ಹೀಗೆ ತೋರಿಸಿ ಹೆಸರಾದರು. ಆದರೆ ಕಣ್ಣಮುಂದೆ ಹಾದುಹೋದದ್ದು ಮನಸ್ಸಿನಲ್ಲಿ ನಿಲ್ಲುವದು ಕಡಿಮೆ. ಹೋಲಿಸಿ ನೋಡಬೇಕಾದಲ್ಲಿ ನಾಲ್ಕು ಸಣ್ಣ ನಕಾಶೆಗಳನ್ನು ಒಂದರ ಪಕ್ಕಕ್ಕೊಂದು ಮುದ್ರಿಸುವದೇ ಮೇಲು.

ನಾಲ್ಕನೆಯದು, ನಿಮಿಷನಿಮಿಷಕ್ಕೆ ಬರುವ ಅಂಕಿಗಳಿಗೆ ‘ಗ್ರಫಾನಾ’ದಂಥ ಫಲಕ. ಗೊತ್ತುಮಾಡಿದ ಮಟ್ಟ ದಾಟಿದರೆ ಅದು ಸೂಚನೆಯನ್ನೂ ಕಳಿಸಬಲ್ಲದು. ಆದರೆ ಯಂತ್ರವನ್ನು ಹಗಲಿರುಳು ನಡೆಸಿ, ಕೆಟ್ಟರೆ ಸರಿಪಡಿಸುವವರು ಬೇಕು. ಅಂಥವರಿಲ್ಲದಲ್ಲಿ ಇದನ್ನು ಹೂಡಬಾರದು. ನಿಂತುಹೋದ ಫಲಕದ ಹಳೆಯ ಅಂಕಿಯನ್ನು ಜನ ಹೊಸದೆಂದು ನಂಬುವ ಅಪಾಯವಿದೆ. ಯಾವ ಸಾಧನವಾದರೂ ಚಿತ್ರದ ಮೇಲೆ ದಿನಾಂಕ, ವೇಳೆ ಇರಲೇಬೇಕು. ಕನ್ನಡದಲ್ಲಿ ಹೆಸರು ಬರೆಯುವದಿದ್ದರೆ ‘ಸ್ವಾರಗೇಟ’ ಎಂದು ಮೊದಲೇ ಬರೆದು ನೋಡಿರಿ. ಕೆಲವು ಸಾಧನಗಳಲ್ಲಿ ಒತ್ತಕ್ಷರ ಒಡೆದು ಹೋಗುತ್ತದೆ.

ಕೊನೆಗೆ ಒಂದು ಮುಖ್ಯ ಮಾತು. 2019ರ ಸೆಪ್ಟೆಂಬರ್ 25ರ ರಾತ್ರಿ ನಮ್ಮ ಸ್ವಾರಗೇಟಿಗೆ ಸಮೀಪದ ಆಂಬಿಲ ಓಢಾ ಉಕ್ಕಿ, ಅರಣ್ಯೇಶ್ವರ, ಸಹಕಾರನಗರದ ಕಡೆಗೆ ಅನೇಕರು ಪ್ರಾಣ ಕಳೆದುಕೊಂಡರು. ಆ ನೀರು ಖಡಕವಾಸಲೆಯದಲ್ಲ. ಕಾತ್ರಜ ಗುಡ್ಡಗಳ ಕಡೆಯ ಮಳೆನೀರು. ಅಣೆಕಟ್ಟಿನ ಆಲೇಖ ಎಷ್ಟೇ ಅಂದವಾಗಿದ್ದರೂ ಆ ರಾತ್ರಿ ಓಢಾದಂಡೆಯವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಅಳೆಯದೆ ಇದ್ದದ್ದನ್ನು ಯಾವ ಸಾಫ್ಟ್‌ವೇರೂ ತೋರಿಸಲಾರದು. ಆದ್ದರಿಂದ ಸಾಧನಕ್ಕಿಂತ ಮೊದಲು, ನಮ್ಮ ಪ್ರಶ್ನೆಗೆ ಬೇಕಾದ ಅಂಕಿ ಎಲ್ಲಿಯದು ಎಂದು ವಿಚಾರಿಸಿರಿ.

ಅಭ್ಯಾಸ: ಮೇಲಿನ ಮೂರು ಅಂಕಿಗಳನ್ನು ಮೊದಲು ಚೌಕಳಿ ಕಾಗದದ ಮೇಲೆ, ತಾಸಿಗೊಂದು ಚೌಕದಂತೆ, ಬರೆಯಿರಿ. ಆಮೇಲೆ ಕ್ಯಾಲ್ಕಿನಲ್ಲಿ ಎರಡೂ ಬಗೆಯ ಆಲೇಖ ತೆಗೆದು, ಕಾಗದಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿರಿ.