ಜೀವಕೋಶದಲ್ಲಿಯ ಅಕ್ಷರಲೋಪ

ವ್ಯಾಕರಣದ ಪಾಠದಲ್ಲಿ ನಾವೆಲ್ಲರೂ ಲೋಪಸಂಧಿಯನ್ನು ಕಲಿತಿರುವೆವು. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿದಾಗ ಉಕಾರವು ಲೋಪವಾಗಿ ‘ಊರಲ್ಲಿ’ ಎಂದಾಗುವುದು. ಅಕ್ಷರ ಹೋದರೂ ಅರ್ಥವು ಕೆಡುವುದಿಲ್ಲ. ನಮ್ಮ ಶರೀರದೊಳಗೂ ಒಂದು ಬಗೆಯ ಲೋಪವುಂಟು. ಅದು ಮಿತಿಮೀರಿದರೆ ಅರ್ಥವೇ ಕೆಡುವುದು.

ವಿದ್ಯುತ್ತು ನಿಂತರೆ ಸಾತಪುರದ ಕಾರಖಾನೆಗಳ ಯಂತ್ರಗಳು ನಿಲ್ಲುವುವಷ್ಟೆ. ಹಾಗೆಯೇ ಜೀವಕೋಶಕ್ಕೂ ಶಕ್ತಿಯು ಬೇಕು. ಅದನ್ನು ಎ.ಟಿ.ಪಿ. ಎಂಬ ವಸ್ತುವಿನ ರೂಪದಲ್ಲಿ ಒದಗಿಸುವ ಸೂಕ್ಷ್ಮ ಭಾಗಗಳೇ ಮೈಟೊಕಾಂಡ್ರಿಯಗಳು. ಕೋಶಕೇಂದ್ರದ ಡಿ.ಎನ್.ಎ.ಯಲ್ಲದೆ ಇವುಗಳಿಗೆ ತಮ್ಮದೇ ಆದ ಡಿ.ಎನ್.ಎ.ಯೂ ಉಂಟು. ಮಾರ್ಗಿಟ್ ನಾಸ್ ಮತ್ತು ಸಿಲ್ವಾನ್ ನಾಸ್ ಎಂಬ ವಿಜ್ಞಾನಿಗಳು 1963ರಲ್ಲಿ ಇದನ್ನು ಕೋಳಿಯ ಭ್ರೂಣದ ಕೋಶಗಳಲ್ಲಿ ಕಂಡರು. 1981ರಲ್ಲಿ ಮಾನವನ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಕೇಂಬ್ರಿಜ್‌ನ ವಿಜ್ಞಾನಿಗಳು ಪೂರ್ಣವಾಗಿ ಓದಿದರು. ಅದು ಉಂಗುರದಂತಿದ್ದು, ಅದರಲ್ಲಿ 16,569 ಅಕ್ಷರಜೋಡಿಗಳೂ 37 ಜೀನುಗಳೂ ಇರುವುವು.

ಲೋಪವು ಹೇಗೆ ಉಂಟಾಗುವುದು? ಪಾಠವನ್ನು ನಕಲು ಮಾಡುವಾಗ ಒಂದೇ ಪದವು ಎರಡು ಕಡೆ ಬಂದಿದ್ದರೆ, ನಮ್ಮ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನ ಸಾಲುಗಳು ಬಿಟ್ಟುಹೋಗುವುದುಂಟು. ಇಲ್ಲಿಯೂ ಹಾಗೆಯೇ. 13 ಅಕ್ಷರಗಳ ಒಂದು ತುಣುಕು ಉಂಗುರದಲ್ಲಿ ಎರಡು ಕಡೆ ಇರುವುದು. ಅವುಗಳ ನಡುವೆ ತಪ್ಪು ನಡೆದು 4,977 ಅಕ್ಷರಜೋಡಿಗಳು ಕಳೆದುಹೋಗುವುದು ಅತ್ಯಂತ ಸಾಮಾನ್ಯವಾದ ಲೋಪ.

ಒಂದು ಕೋಶದಲ್ಲಿ ಈ ಡಿ.ಎನ್.ಎ.ಯ ನೂರಾರು, ಸಾವಿರಾರು ಪ್ರತಿಗಳಿರುವುದರಿಂದ ಕೆಲವು ಕೆಟ್ಟರೂ ಬಾಧೆಯಿಲ್ಲ. ಮುಪ್ಪಿನಲ್ಲಿ ಇಂಥ ಲೋಪಗಳು ಸ್ನಾಯು ಮತ್ತು ಮಿದುಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಕೂಡುತ್ತ ಹೋಗುವುವು. ಆದರೆ ಕೆಟ್ಟ ಪ್ರತಿಗಳ ಪಾಲು ಮಿತಿಮೀರಿದಾಗ ಶಕ್ತಿಯು ಸಾಲದೆ ರೋಗವು ತಲೆದೋರುವುದು. ಸ್ನಾಯುರೋಗಿಗಳಲ್ಲಿ ಇಂಥ ಲೋಪಗಳಿರುವುದನ್ನು 1988ರಲ್ಲಿ ಲಂಡನ್ನಿನ ಹೋಲ್ಟ್, ಹಾರ್ಡಿಂಗ್ ಮತ್ತು ಮಾರ್ಗನ್-ಹ್ಯೂಸ್ ತೋರಿಸಿದರು.

ಕರ್ನ್ಸ್ ಮತ್ತು ಸೇರ್ ಎಂಬ ವೈದ್ಯರು 1958ರಲ್ಲಿ ವರ್ಣಿಸಿದ ರೋಗವು ಇಂಥದು. ಇಪ್ಪತ್ತು ವರ್ಷದೊಳಗೇ ರೆಪ್ಪೆಗಳು ಜೋಲುವುವು, ಕಣ್ಣುಗುಡ್ಡೆಗಳು ಹೊರಳಲಾರವು, ಅಕ್ಷಿಪಟವು ಕೆಡುವುದು, ಹೃದಯದ ಬಡಿತಕ್ಕೂ ತಡೆಯುಂಟಾಗಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳೂ ಕೂಡಿ ಮೈಟೊಕಾಂಡ್ರಿಯದ ರೋಗಗಳನ್ನು ಸಂಶೋಧಿಸಿರುವರು. ರೋಗಿಯ ಸ್ನಾಯುವಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚು ಹರಿದಂತಿರುವ ಕೆಂಪು ಎಳೆಗಳು ಕಾಣಬರುವುದುಂಟು.

ಕಳೆದ ಅಕ್ಷರಗಳನ್ನು ಮರಳಿ ತುಂಬುವ ಮದ್ದು ಇನ್ನೂ ದೊರೆತಿಲ್ಲ. ಆದರೂ ಹೃದಯದ ತಡೆಯನ್ನು ಕಾಲಕ್ಕೆ ಸರಿಯಾಗಿ ಗುರುತಿಸಿ ಪೇಸ್‌ಮೇಕರ್ ಅಳವಡಿಸಿದರೆ ಪ್ರಾಣವನ್ನು ಉಳಿಸಬಹುದು. ಈ ಡಿ.ಎನ್.ಎ. ತಾಯಿಯಿಂದಲೇ ಬರುವುದು ನಿಜ. ಆದರೆ ಇಂಥ ದೊಡ್ಡ ಲೋಪವು ಸಾಮಾನ್ಯವಾಗಿ ಹೊಸದಾಗಿ ಉಂಟಾದುದು. ಆದುದರಿಂದ ತಾಯಿಯನ್ನು ದೂರುವುದು ಅನ್ಯಾಯ.

ಜೋಲುವ ರೆಪ್ಪೆಗಳೆಲ್ಲವೂ ಈ ರೋಗದವಲ್ಲ. ಆದರೂ ನಮ್ಮ ತರಗತಿಯಲ್ಲಿ ಒಬ್ಬನ ರೆಪ್ಪೆಗಳು ದಿನೇ ದಿನೇ ಜೋಲುತ್ತಿದ್ದರೆ ಅವನನ್ನು ‘ತೂಕಡಿಸುವವನು’ ಎಂದು ನಗದಿರೋಣ; ಗುರುಗಳಿಗೆ ತಿಳಿಸೋಣ, ವೈದ್ಯರಲ್ಲಿಗೆ ಹೋಗಲು ನೆರವಾಗೋಣ.