ಸೂಜಿ ಹಾಕಿಸಿದರೂ ಕಾಲುಬಾಯಿ ಜ್ವರ ಬರುವುದೇಕೆ?

"ಸೂಜಿ ಹಾಕಿಸಿದ್ರೂ ಬಂತಲ್ಲ, ಇನ್ಯಾಕೆ ಹಾಕಿಸ್ಬೇಕು?" ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಆಗಾಗ ಕೇಳುವ ಮಾತು ಇದು. ನನ್ನಲ್ಲಿ ಒಂದು ಜೊತೆ ಎತ್ತು, ಒಂದು ಹಸು, ಇಪ್ಪತ್ತು ಕುರಿ ಇವೆ. ಕುರಿಗೆ ಪಿಪಿಆರ್ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ತಡೆಯುತ್ತೆ. ಎತ್ತಿಗೆ ಕಾಲುಬಾಯಿ ಲಸಿಕೆ ಮಾತ್ರ ಆರು ತಿಂಗಳಿಗೊಮ್ಮೆ ಬೇಕು. ಈ ವ್ಯತ್ಯಾಸ ಯಾಕೆ ಅಂತ ಪಶುವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮಂದೆಯಲ್ಲಿ ನಮ್ಮ ಕುರಿಯನ್ನು ಕಿವಿ ಗುರುತಿನಿಂದ ಪತ್ತೆ ಮಾಡ್ತೀವಲ್ಲ, ದನದ ಮೈಯೂ ವೈರಸ್ಸನ್ನು ಅದರ ಹೊರಮೈ ಗುರುತಿನಿಂದಲೇ ಪತ್ತೆ ಮಾಡುತ್ತದೆ. ಆ ಗುರುತನ್ನು ಮೊದಲೇ ಪರಿಚಯ ಮಾಡಿಸುವುದೇ ಲಸಿಕೆಯ ಕೆಲಸ. ಪಿಪಿಆರ್ ವೈರಸ್ಸಿನಲ್ಲಿ ನಾಲ್ಕು ಕವಲುಗಳಿದ್ದರೂ ಗುರುತು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಂದೇ ಲಸಿಕೆ ನಾಲ್ಕಕ್ಕೂ ನಡೆಯುತ್ತೆ. ಅದು ಬಲ ಕುಗ್ಗಿಸಿದ ಜೀವಂತ ವೈರಸ್ಸಿನ ಲಸಿಕೆ, ಹೆಚ್ಚು ಕಾಲ ನಿಲ್ಲುತ್ತದೆ.

ಕಾಲುಬಾಯಿ ವೈರಸ್ ಹಾಗಲ್ಲ. ಅದರಲ್ಲಿ ಏಳು ಜಾತಿ. ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮ ದೇಶದಲ್ಲಿ ಕಾಟ ಕೊಡುವುದು ಓ, ಎ, ಏಷ್ಯಾ-1. ನಮ್ಮ ಲಸಿಕೆಯಲ್ಲಿ ಈ ಮೂರೂ ಇರುತ್ತವೆ. ಸಿ ಜಾತಿ 1995ರ ನಂತರ ಭಾರತದಲ್ಲಿ ಕಂಡಿಲ್ಲ.

ಒಂದೇ ಜಾತಿಯೊಳಗೂ ಗುರುತು ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋಗುತ್ತದೆ. ಸ್ವಲ್ಪ ಬದಲಾದರೆ ಹಳೆ ಲಸಿಕೆ ಅಷ್ಟಿಷ್ಟು ಕಾಯುತ್ತದೆ. ಬಹಳ ಬದಲಾದರೆ ಲಸಿಕೆಯ ತಳಿಯನ್ನೇ ಬದಲಿಸಬೇಕು. ಎ ಜಾತಿಗೆ ಹಾಗೇ ಆಯಿತು. ಹಳೆಯ ತಳಿ ಬಿಟ್ಟು 2000ರಲ್ಲಿ ಸಿಕ್ಕ ತಳಿ ಸೇರಿಸಿದರು. ಓ ಜಾತಿಗೆ 1975ರ ತಳಿಯೇ ಬಹುಕಾಲ ನಡೆದುಬಂತು.

ಆದರೆ ಎಲ್ಲಕ್ಕೂ ವೈರಸ್ಸನ್ನೇ ದೂರುವಂತಿಲ್ಲ. ಇದು ಸತ್ತ ವೈರಸ್ಸಿನ ಲಸಿಕೆ, ಆರು ತಿಂಗಳಿಗೆ ಬಲ ಇಳಿಯುತ್ತದೆ. ಬಲ ತುಂಬಿರುವಾಗ ಗುರುತು ಕೊಂಚ ಬೇರೆಯಿದ್ದರೂ ಮೈ ತಡೆದುಕೊಳ್ಳುತ್ತೆ. ಬಲ ಇಳಿದಾಗ ಅದೇ ವೈರಸ್ ಒಳಗೆ ನುಗ್ಗುತ್ತೆ. ಲಸಿಕೆ ಬಿಸಿಲಿಗೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ.

ನಾವು ಮಾಡಬೇಕಾದ್ದು ಇಷ್ಟು:

1. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲ ಸೂಜಿ, ಒಂದು ತಿಂಗಳಿಗೆ ಮತ್ತೊಂದು. ಆಮೇಲೆ ಆರು ತಿಂಗಳಿಗೊಮ್ಮೆ, ತಪ್ಪದೆ.

2. ಊರಿನ ಎಲ್ಲ ದನ, ಎಮ್ಮೆಗೂ ಒಟ್ಟಿಗೆ ಹಾಕಿಸಬೇಕು. ಲಸಿಕೆಯಾದ ದನವೂ ಕಾಯಿಲೆ ತೋರದೆ ಗಂಟಲಲ್ಲಿ ವೈರಸ್ ಇಟ್ಟುಕೊಂಡಿರಬಹುದು.

3. ಸಂತೆಯಿಂದ ತಂದ ದನವನ್ನು ಮೂರು ವಾರ ಬೇರೆ ಕಟ್ಟಿ.

4. ಸೂಜಿಯಾದ ದನಕ್ಕೂ ಜೊಲ್ಲು, ಬಾಯಿಹುಣ್ಣು ಬಂದರೆ ಮುಚ್ಚಿಡಬೇಡಿ. ಗುಳ್ಳೆ ಹಸಿಯಿರುವಾಗಲೇ ವೈದ್ಯರನ್ನು ಕರೆದು ನಾಲಿಗೆಯ ಗುಳ್ಳೆ ಸಿಪ್ಪೆಯನ್ನು ಪ್ರಯೋಗಾಲಯಕ್ಕೆ ಕಳಿಸಲು ಹೇಳಿ. ಯಾವ ಜಾತಿ, ಎಷ್ಟು ಬದಲಾಗಿದೆ ಅಂತ ಗೊತ್ತಾಗುವುದು ಅದರಿಂದಲೇ. ಮುಂದಿನ ಲಸಿಕೆಗೆ ಯಾವ ತಳಿ ಬೇಕು ಅನ್ನುವುದು ತೀರ್ಮಾನವಾಗುವುದೂ ಇಂಥ ಮಾದರಿಗಳಿಂದಲೇ.

2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಜ್ವರ ಜೋರಾಗಿ ಹಬ್ಬಿದಾಗ ಬಂದದ್ದು ಓ ಜಾತಿ, ಲಸಿಕೆಯಲ್ಲಿ ಇದ್ದದ್ದೇ. ಸೀಸೆಯಲ್ಲಿದ್ದರೆ ಸಾಲದು, ದನದ ಮೈಯಲ್ಲಿ ಬಲ ಇರಬೇಕು. ಜ್ವರ ವಾಸಿಯಾದರೂ ಕೆಲವು ಎತ್ತು ಬಿಸಿಲಿಗೆ ತೇಕುತ್ತಾ ನಿಲ್ಲುತ್ತವೆ, ನೊಗಕ್ಕೆ ಬರುವುದಿಲ್ಲ. ಮಳೆ ಬಿದ್ದ ನಾಲ್ಕು ದಿನದಲ್ಲೇ ಬಿತ್ತಬೇಕಾದ ನಮಗೆ ಅದು ಇಡೀ ವರ್ಷದ ನಷ್ಟ.